ಒಂದು ಒಳಲೆ ನೀರು

"ಅವ್ವಾ... ಒಂದು ಗುಟುಕು... ಒಂದೇ ಒಂದು ಗುಟುಕು ಕಣವ್ವಾ..."

ಪುಟ್ಟಗೌರಿಯ ದನಿ ತುಟಿ ದಾಟುವಷ್ಟರಲ್ಲೇ ಸೋತುಹೋಗುತ್ತಿತ್ತು. ಗಿರಿಜಾಂಬಿಕೆ ಹತ್ತಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಮಗಳ ಒಡೆದ ತುಟಿಗೆ ಸವರಿದಳು. ಮಗು ಆ ಹತ್ತಿಯನ್ನೇ ಹಲ್ಲಿನಲ್ಲಿ ಕಚ್ಚಿ ಹಿಡಿದು ಚೀಪತೊಡಗಿತು. ತಾಯಿ ಮೆಲ್ಲಗೆ ಅದನ್ನು ಬಿಡಿಸಿಕೊಂಡಳು. ಹೆತ್ತ ಕೈಯೇ ಮಗುವಿನ ಬಾಯಿಂದ ನೀರು ಕಿತ್ತುಕೊಳ್ಳುವುದೆಂದರೆ... ಅಂಥ ಗಳಿಗೆ ಹಗೆಗೂ ಬರಬಾರದು.

ಅದೇ ಹೊತ್ತಿಗೆ ವಾರ್ಡಿನ ಬಾಗಿಲಲ್ಲಿ ಅತ್ತೆ ಹೊಂಬಾಳಮ್ಮ ಕಾಣಿಸಿಕೊಂಡಳು. ತಿಪಟೂರಿನಲ್ಲಿ ಬೆಳಗಿನ ರೈಲು ಹತ್ತಿ, ಬೆಂಗಳೂರಿನಲ್ಲಿ ಇಳಿದು, ದಾರಿಯಲ್ಲಿ ಸಿಕ್ಕಸಿಕ್ಕವರನ್ನೆಲ್ಲ ಕೇಳಿಕೊಂಡು ಆ ದೊಡ್ಡ ಆಸ್ಪತ್ರೆಗೆ ಬಂದು ಮುಟ್ಟಿದ್ದಳು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಕಂಕುಳಲ್ಲಿ ಬಟ್ಟೆಗಂಟು, ಕೈಯಲ್ಲಿ ಕೆಂದೆಂಗಿನ ಎಳನೀರಿನ ಗೊಂಚಲು. ನೊಣವಿನಕೆರೆ ಮಗ್ಗುಲಲ್ಲಿದ್ದ ಅವರ ತೋಟದ ಬಾವಿಯ ಪಕ್ಕದ ಮರದ್ದು. ಚೂರಿ ಮುಟ್ಟಿಸಿದರೆ ಸಾಕು ತೆರೆದುಕೊಳ್ಳಲಿ ಎಂದು ಊರಲ್ಲೇ ತಲೆ ಕೆತ್ತಿಸಿಕೊಂಡು ಬಂದಿದ್ದಳು.

"ಅಯ್ಯೋ ನನ್ನ ಬಂಗಾರ, ಮುಖ ಎಲ್ಲಾ ಹೆಂಗೆ ಊದ್ಕಂಡದೆ ನೋಡು. ಗಿರಿಜಾ, ಆ ಒಳಲೆ ಕೊಡಿಲ್ಲಿ."

ಮೂತಿಯಿದ್ದ ಆ ಪುಟ್ಟ ಬೆಳ್ಳಿ ಒಳಲೆ ಮಗು ಹುಟ್ಟಿದಾಗ ಅಜ್ಜಿಯೇ ಕೊಟ್ಟದ್ದು. ಕೂಸಿಗೆ ಹಾಲು ಕುಡಿಸಲು ತಂದದ್ದು ಈಗ ಮತ್ತೆ ಹೊರಬಂದಿತ್ತು. ಪುಟ್ಟಗೌರಿಗೆ ಆರು ತುಂಬಿದ್ದರೂ ಹೊತ್ತಿಗೆ ಅವಳಿಗೆ ಸಲ್ಲುವ ನೀರು ಒಂದು ಒಳಲೆಯಷ್ಟೇ.

"ಎಳನೀರು ಕೊಡಂಗಿಲ್ಲ ಅತ್ತೆಮ್ಮ," ಎಂದಳು ಗಿರಿಜಾಂಬಿಕೆ.

"ಏನಂದೆ?"

"ಡಾಕ್ಟರಮ್ಮ ಹೇಳವ್ರೆ. ಉಪ್ಪು ಮುಟ್ಟಿಸಂಗಿಲ್ಲ, ನೀರೂ ಅಳತೆ ಮೇಲೆ. ಎಳನೀರಂತೂ ಬಾಯಿ ಹತ್ರಕ್ಕೇ ತರಬೇಡಿ ಅಂದವ್ರೆ. ಅವಳ ಮೂತ್ರಪಿಂಡ ಕೆಲಸ ಮಾಡ್ತಿಲ್ವಂತೆ. ಒಳಕ್ಕೆ ಹೋದ ನೀರು ಈಚೆಗೆ ಬರ್ತಿಲ್ವಂತೆ. ಎಳನೀರಿನ ಸತ್ವ ರಕ್ತಕ್ಕೆ ಸೇರಿದ್ರೆ ಎದೆ ನಿಂತೋಗ್ತದಂತೆ ಅತ್ತೆಮ್ಮ..."

ಹೊಂಬಾಳಮ್ಮ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಎಳನೀರು ಬ್ಯಾಡ ಅನ್ನೋ ಡಾಕ್ಟ್ರನ್ನ ನಾನು ಇದೇ ಮೊದಲು ಕಂಡಿದ್ದು. ಅದೇನು ಹೆಂಡವಾ, ಸಾರಾಯಾ?"

ಅವಳನ್ನು ಅಂದು ಪ್ರಯೋಜನವಿಲ್ಲ. ಆ ತೆಂಗಿನ ಸೀಮೆಯಲ್ಲಿ ಮಗು ಕಾಯಿಲೆ ಬಿದ್ದರೆ ಜನ ಮೊದಲು ಓಡುವುದು ಡಾಕ್ಟರ ಹತ್ತಿರಕ್ಕಲ್ಲ, ಮರದ ಹತ್ತಿರಕ್ಕೆ. ಜ್ವರಕ್ಕೆ ಎಳನೀರು, ಭೇದಿಗೆ ಎಳನೀರು, ಸಿಡುಬಾಗಿ ಎದ್ದ ಮಗುವಿಗೂ ಎಳನೀರು. ಕೂಸಿನ ಬಾಯಿಗೆ ಮೊದಲು ಬೀಳುವುದೂ ಅದೇ, ಹೋಗುವ ಮುದುಕರ ಬಾಯಿಗೆ ಕೊನೆಗೆ ಬೀಳುವುದೂ ಅದೇ. ಹೊಂಬಾಳಮ್ಮನ ಮಗ ಬೆಟ್ಟಸ್ವಾಮಿ ಚಿಕ್ಕಂದಿನಲ್ಲಿ ಕಾಮಾಲೆಯಾಗಿ ಕಣ್ಣು ಮೇಲೆ ಸಿಕ್ಕಿಸಿಕೊಂಡಿದ್ದಾಗ, ಬಾವಿಯ ಪಕ್ಕದ ಇದೇ ಕೆಂದೆಂಗಿನ ನೀರು ಹೊಯ್ದು ಹೊಯ್ದು ಅವನನ್ನು ಉಳಿಸಿಕೊಂಡಿದ್ದಳು. ಅವನೇ ಈಗ ಗಿರಿಜಾಂಬಿಕೆಯ ಗಂಡ, ಪುಟ್ಟಗೌರಿಯ ಅಪ್ಪ. ಮಗನನ್ನು ಉಳಿಸಿದ ನೀರು ಮೊಮ್ಮಗಳನ್ನು ಕೊಲ್ಲುತ್ತದೆ ಎಂದರೆ ಯಾವ ಮುದುಕಿ ನಂಬುತ್ತಾಳೆ ಹೇಳಿ.

"ಉಪ್ಪಿಗಿಂತ ರುಚಿ ಇಲ್ಲ, ತಾಯಿಗಿಂತ ಬಂಧು ಇಲ್ಲ ಅಂತಾರೆ," ಎಂದಳು ಹೊಂಬಾಳಮ್ಮ, ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ. "ನನ್ನ ಮೊಮ್ಮಗಳ ಪಾಲಿಗೆ ಎರಡೂ ಇಲ್ದಂಗಾಯ್ತಲ್ಲೇ. ಮಗೀಗೆ ನೀರು ಕೊಡದ ಹೆಂಗ್ಸು ಅದೆಂಥ ತಾಯಿ?"

ಗಿರಿಜಾಂಬಿಕೆ ಎಳನೀರಿನ ಗೊಂಚಲನ್ನು ಎತ್ತಿ ಮಂಚದ ಕೆಳಗೆ ಮಗಳ ಕಣ್ಣಿಗೆ ಬೀಳದ ಹಾಗೆ ತಳ್ಳಿದಳು. ಅಲ್ಲಿ ಆಗಲೇ ಬೇರೆ ಎಳನೀರಿದ್ದವು. ಊರಿಂದ ನೋಡಲು ಬಂದವರು ಆಸ್ಪತ್ರೆಗೆ ಬರಿಗೈಯಲ್ಲಿ ಬರುವುದುಂಟೇ? ಬಂದವರೆಲ್ಲ ಅದನ್ನೇ ತರುತ್ತಿದ್ದರು. ಅವೆಲ್ಲ ಅಕ್ಕಪಕ್ಕದ ಮಂಚದ ಮಕ್ಕಳಿಗೆ ಹಂಚಿಹೋಗುತ್ತಿದ್ದವು. ಆ ಮಕ್ಕಳು ಗಟಗಟ ಕುಡಿಯುವುದನ್ನು ಪುಟ್ಟಗೌರಿ ಊದಿದ ರೆಪ್ಪೆಯ ಸಂದಿಯಿಂದ ನೋಡುತ್ತಿದ್ದಳು. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎನ್ನುತ್ತಾರಲ್ಲ, ಆ ತೋಟದ ಮನೆಯ ಕೂಸಿಗೆ ಬಂದದ್ದು ಅದೇ ಗತಿ.

ಬೆಟ್ಟಸ್ವಾಮಿ ಊರಿಗೂ ಆಸ್ಪತ್ರೆಗೂ ಅಲೆದು ಸವೆದುಹೋಗಿದ್ದ. ಮನೆಯಲ್ಲಿ ಇನ್ನೂ ಮೊಲೆ ಬಿಡದ ಗಂಡುಮಗುವನ್ನು ಅವನ ಅಕ್ಕ ಗಂಗಕ್ಕ ನೋಡಿಕೊಳ್ಳುತ್ತಿದ್ದಳು. ಗಿರಿಜಾಂಬಿಕೆಗೆ ಎದೆ ತುಂಬಿ ಸೆಡೆತು ರವಿಕೆ ಒದ್ದೆಯಾಗುತ್ತಿತ್ತು. ಬಚ್ಚಲಿಗೆ ಹೋಗಿ ಹಾಲು ಹಿಂಡಿ ಚೆಲ್ಲಿ ಬರುತ್ತಿದ್ದಳು. ಅಲ್ಲಿ ಒಂದು ಮಗು ಹಾಲಿಗೆ ಅಳುತ್ತಿದೆ, ಇಲ್ಲಿ ಒಂದು ಮಗು ನೀರಿಗೆ ಅಳುತ್ತಿದೆ, ನಡುವೆ ತಾನು ಇದ್ದೂ ಇಲ್ಲದವಳು... ಹೀಗೆಂದುಕೊಂಡು ಗೋಡೆಗೆ ಹಣೆ ಒತ್ತಿ ನಿಲ್ಲುವಳು. ಆಮೇಲೆ ಮುಖ ತೊಳೆದುಕೊಂಡು ವಾರ್ಡಿಗೆ ಬರುವಳು.

ಅನಾಹುತವಾದದ್ದು ಮಾರನೆಯ ದಿನ ಮಧ್ಯಾಹ್ನ. ಗಿರಿಜಾಂಬಿಕೆ ಬಟ್ಟೆ ಒಗೆಯಲು ಹಿಂದಿನ ನಲ್ಲಿಗೆ ಹೋಗಿದ್ದಳು. ಮಗುವಿನ ಹತ್ತಿರ ಅಜ್ಜಿ ಒಬ್ಬಳೇ.

"ಅಜ್ಜೀ... ನೀನಾದ್ರೂ ಕೊಡಜ್ಜಿ. ಅವ್ವಂಗೆ ಹೇಳಲ್ಲ."

ಹೊಂಬಾಳಮ್ಮ ಆ ಕಡೆ ಈ ಕಡೆ ನೋಡಿದಳು. ಮಂಚದ ಕೆಳಗೆ ಕೈ ಹಾಕಿದಳು. ಚೂರಿಯ ತುದಿಯಿಂದ ಎಳನೀರು ತೂತು ಮಾಡಿ ಒಳಲೆಗೆ ಬಗ್ಗಿಸಿ ಮೊಮ್ಮಗಳ ಬಾಯಿಗೆ ಹಿಡಿದಳು. ಮಗು ಕಣ್ಣು ಮುಚ್ಚಿ ಕುಡಿಯಿತು. ಇನ್ನೊಂದು ಒಳಲೆ, ಮತ್ತೊಂದು ಒಳಲೆ... ಬುರುಡೆ ಬರಿದಾಗುವ ತನಕ ಕುಡಿಯಿತು. ಕುಡಿದು, ಅಜ್ಜಿಯ ಮುಖ ನೋಡಿ ನಕ್ಕಿತು. ಆಸ್ಪತ್ರೆ ಸೇರಿದ ಮೇಲೆ ಅದು ನಕ್ಕದ್ದು ಅದೇ ಮೊದಲು. "ನೋಡ್ದಾ, ನಗ್ತಾ ಅವ್ಳೆ. ಇವ್ರಿಗೇನು ಗೊತ್ತು," ಎಂದುಕೊಂಡು ಮುದುಕಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಸಂಜೆಯ ಹೊತ್ತಿಗೆ ಮಗುವಿನ ಉಸಿರು ಕೆಟ್ಟಿತು. ಎದೆ ಒಮ್ಮೆ ಓಡುತ್ತಿತ್ತು, ಒಮ್ಮೆ ನಿಂತೇಹೋಯಿತೇನೋ ಅನ್ನಿಸುತ್ತಿತ್ತು. ನರ್ಸು ಓಡಿಬಂದಳು. ಡಾಕ್ಟರಮ್ಮ ಓಡಿಬಂದರು. ಸೂಜಿ, ನಳಿಕೆ, ಪರದೆ. ಊರಿಂದ ಆಗತಾನೇ ಬಂದಿದ್ದ ಬೆಟ್ಟಸ್ವಾಮಿ ಚೀಲ ಹಿಡಿದುಕೊಂಡೇ ನಿಂತುಬಿಟ್ಟ.

"ಏನು ಕೊಟ್ರಿ ಮಗೂಗೆ?" ಡಾಕ್ಟರಮ್ಮ ಪರದೆಯಿಂದ ಈಚೆ ಬಂದು ಕೇಳಿದರು. "ನಿಜ ಹೇಳಿ. ನನಗೆ ಗೊತ್ತಾದರೇನೇ ಏನಾದರೂ ಮಾಡೋಕಾಗೋದು."

ಗಿರಿಜಾಂಬಿಕೆ ಒಳಲೆಯನ್ನು ನೋಡಿದಳು. ಅದರ ಮೂತಿಯಲ್ಲಿ ಎಳನೀರಿನ ಬಿಳಿ ಗಂಜಿಯ ಒಂದು ಚೂರು ಅಂಟಿಕೊಂಡಿತ್ತು. ಅತ್ತೆಯನ್ನು ನೋಡಿದಳು. ಮುದುಕಿ ಕಂಬಕ್ಕೆ ಆತುಕೊಂಡು ನಿಂತಿದ್ದಳು.

"ನಾನು ಕೊಟ್ಟೆ," ಎಂದಳು ಗಿರಿಜಾಂಬಿಕೆ. "ಎಳನೀರು ಕೊಟ್ಟೆ. ತಡಕೊಳ್ಳಕ್ಕಾಗಲಿಲ್ಲ."

ಡಾಕ್ಟರಮ್ಮ ಅಂದದ್ದು ಒಂದೆರಡು ಮಾತಲ್ಲ. ಓದದವರಿಗೂ ಅರ್ಥವಾಗುವ ಹಾಗೆ ಅಷ್ಟು ಸಲ ಹೇಳಿದ್ದೆನಲ್ಲ ಎಂದರು, ನೀವೇನು ತಾಯಿಯೇನಮ್ಮ ಎಂದರು. ಗಿರಿಜಾಂಬಿಕೆ ತಲೆ ತಗ್ಗಿಸಿ ಕೇಳಿಸಿಕೊಂಡಳು. ತಾಯಿಯೇ ಅಲ್ಲ ಎಂದು ಅತ್ತೆ ಅಂದದ್ದು ನೀರು ಕೊಡದ್ದಕ್ಕೆ. ಈಗ ಅನ್ನಿಸಿಕೊಂಡದ್ದು ನೀರು ಕೊಟ್ಟದ್ದಕ್ಕೆ. ಬೆಟ್ಟಸ್ವಾಮಿ ಹೆಂಡತಿಯ ಹತ್ತಿರಕ್ಕೆ ಬಂದ. ಎತ್ತಿದ ಕೈ ಎತ್ತಿದ ಹಾಗೇ ಇತ್ತು. ಹೊಡೆಯಲಿಲ್ಲ. "ನಿನ್ನ ಮುಖ ತೋರಿಸಬ್ಯಾಡ ನಂಗೆ," ಎಂದು ಹಜಾರಕ್ಕೆ ಹೋಗಿ ಕೂತುಬಿಟ್ಟ.

ದೇವರ ದಯೆ, ಆ ಸಲ ಉಸಿರು ಹತೋಟಿಗೆ ಬಂತು. ಹೊಟ್ಟೆಗೆ ನಳಿಕೆ ಹಾಕಿ ಒಳಗಿನ ವಿಷ ತೊಳೆಯತೊಡಗಿದರು. ಹೊಂಬಾಳಮ್ಮ ಸೊಸೆಯ ತೋಳು ಹಿಡಿದು ಮೂಲೆಗೆ ಕರೆದುಕೊಂಡು ಹೋದಳು.

"ಯಾಕವ್ವ ಹಂಗಂದೆ? ನಾನಲ್ವೇ ಪಾಪಿ?"

"ನೀವು ಅಂತ ಹೇಳಿದ್ರೆ ನಿಮ್ಮನ್ನ ಒಳಕ್ಕೆ ಬುಡ್ತಿರಲಿಲ್ಲ ಅತ್ತೆಮ್ಮ. ತಾಯಿನ ಆಚೆ ಹಾಕಕ್ಕಾಗಲ್ಲ ಅವ್ರಿಗೆ. ಎಚ್ಚರ ಆದಾಗೆಲ್ಲ ಅವಳು ಅಜ್ಜಿ ಅಜ್ಜಿ ಅಂತಾಳೆ..." ಗಿರಿಜಾಂಬಿಕೆ ಬಿಕ್ಕಿದಳು. "ನಕ್ಕಳಂತೆ, ಹೌದಾ? ಪಕ್ಕದ ಮಂಚದವ್ರು ಅಂದ್ರು. ನಾನು ಕೊಡಬೇಕು ಅಂತ ಎಷ್ಟು ಸಲ ಕೈ ಚಾಚಿದೀನಿ ಗೊತ್ತಾ ಅತ್ತೆಮ್ಮ... ಆ ನಗು ನೋಡೋ ಪುಣ್ಯ ನಂಗಿರಲಿಲ್ಲ."

ಮುದುಕಿಗೆ ಅಷ್ಟು ಸಾಕಾಯಿತು. ನೆಟ್ಟಗೆ ಹಜಾರಕ್ಕೆ ಹೋಗಿ ಮಗನ ಮುಂದೆ ನಿಂತಳು. "ಕೊಟ್ಟಿದ್ದು ಅವಳಲ್ಲ ಕಣ್ಲಾ, ನಾನು. ಕೈ ಎತ್ತೋದಾದ್ರೆ ನನ್ನ ಮೇಲೆ ಎತ್ತು." ಬೆಟ್ಟಸ್ವಾಮಿ ಅವ್ವನ ಮುಖ ನೋಡಿದ, ದೂರದಲ್ಲಿ ನಿಂತಿದ್ದ ಹೆಂಡತಿಯ ಮುಖ ನೋಡಿದ. ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತ. ಯಾರನ್ನು ಬೈಯಲಿ ಅವನು?

ಆವತ್ತಿನಿಂದ ಹೊಂಬಾಳಮ್ಮ ಆ ಮಂಚಕ್ಕೆ ಕಾವಲಾದಳು. ಡಾಕ್ಟರಮ್ಮನ ಮಾತನ್ನು ಸೊಸೆಯಾದರೂ ಮರೆತಾಳು, ಇವಳು ಮರೆಯಳು. ಒಳಲೆಯ ಕಂಠ ಮುಟ್ಟಿದರೆ "ಜಾಸ್ತಿ ಆಯ್ತು, ಚೆಲ್ಲು" ಎನ್ನುವಳು. ತನಗೆ ಬಾಯಾರಿದರೆ ಮಗುವಿಗೆ ಕಾಣದಂತೆ ಮೆಟ್ಟಿಲ ಹತ್ತಿರ ಹೋಗಿ ಕುಡಿದು, ತುಟಿ ಒರೆಸಿಕೊಂಡು ಬರುವಳು. ಪಕ್ಕದ ತೋಟದ ಶ್ರೀರಂಗಯ್ಯ ಪಾಪ, ಒಳ್ಳೆಯ ಮನುಷ್ಯ, ದೊಡ್ಡದೊಂದು ಗೊಂಚಲು ಹೊತ್ತುಕೊಂಡು ನೋಡಲು ಬಂದ. ಮುದುಕಿ ಅವನನ್ನು ಬಾಗಿಲಲ್ಲೇ ತಡೆದಳು.

"ಅದನ್ನ ಇಟ್ಕಂಡು ಒಳಕ್ಕೆ ಬಂದ್ಯೋ, ಕಾಲು ಮುರೀತೀನಿ."

"ಎಳನೀರು ಕಣಮ್ಮೋ. ವಿಷ ಅಲ್ಲ."

"ವಿಷನೇ ಕಣಪ್ಪ. ನಮ್ಮ ಪಾಲಿಗೆ ವಿಷನೇ ಆಗ್ಯದೆ. ಊರಿಗೆ ಹೋಗಿ ಎಲ್ಲರ್ಗೂ ಹೇಳು. ಯಾರೂ ತರಬ್ಯಾಡಿ."

ಶ್ರೀರಂಗಯ್ಯ ಗೊಂಚಲನ್ನು ಹೊರಗಿನ ಮರದ ಬುಡದಲ್ಲಿ ಇಟ್ಟು, ಚಪ್ಪಲಿ ಬಿಟ್ಟು ಒಳಗೆ ಬಂದು, ಮಗುವಿನ ಪಾದ ಮುಟ್ಟಿ ಹೋದ. ಇತ್ತ ಅತ್ತೆ ಸೊಸೆ ಒಂದೇ ತಟ್ಟೆಯಲ್ಲಿ ಉಣ್ಣುವಂತಾದರು. ಉಪ್ಪಿಲ್ಲದ ಗಂಜಿಯನ್ನು ಮಗು ಉಗಿದಾಗ ಅಜ್ಜಿ ತಾನೂ ಅದನ್ನೇ ಒಂದು ತುತ್ತು ತಿಂದು "ಆಹಾ, ಎಷ್ಟು ರುಚಿ ಆಗ್ಯದೆ ನೋಡು" ಎಂದು ಸುಳ್ಳು ಹೇಳುವಳು. ಪುಟ್ಟಗೌರಿ ನೀರು ಕೇಳಿದರೆ, "ಡಾಕ್ಟರಮ್ಮ ಬ್ಯಾಡ ಅಂದವ್ರೆ ಮಗಾ. ವಾಸಿ ಆಗ್ಲಿ, ಬಾವಿ ಪಕ್ಕದ ಮರ ಪೂರಾ ನಿಂದೇ. ವಾಸಿ ಆದಮೇಲೆ ಕುಡಿಯುವಂತೆ" ಎನ್ನುವಳು. ದಿನಕ್ಕೆ ಎಷ್ಟು ಸಲ ಹೇಳಿದಳೋ ಆ ಮಾತನ್ನು. ಮಗುವಿಗೆ ಅದು ಬಾಯಿಪಾಠವಾಗಿತ್ತು.

ಆದರೆ ಕಾಯಿಲೆ ಯಾರ ಕಾವಲಿಗೂ ನಿಲ್ಲಲಿಲ್ಲ. ತೊಳೆದಷ್ಟೂ ವಿಷ ಏರುತ್ತಿತ್ತು. ಮಗು ಎಚ್ಚರವಿರುವುದಕ್ಕಿಂತ ಮಂಪರಿನಲ್ಲಿರುವುದೇ ಹೆಚ್ಚಾಯಿತು. ಒಂದು ಬೆಳಿಗ್ಗೆ ಡಾಕ್ಟರಮ್ಮ ಬಂದು ಮಗುವಿನ ಹೊಟ್ಟೆಯ ನಳಿಕೆ ತೆಗೆಸಿದರು. ಮೂವರನ್ನೂ ಹಜಾರಕ್ಕೆ ಕರೆದರು. ಅವತ್ತು ಅವರ ದನಿಯಲ್ಲಿ ಗದರಿಕೆ ಇರಲಿಲ್ಲ.

"ನಮ್ಮ ಕೈಲಾದದ್ದೆಲ್ಲ ಮಾಡಿದ್ವಿ," ಎಂದರು. "ಇನ್ಮೇಲೆ ಮಗು ಏನು ಕೇಳುತ್ತೋ ಕೊಡಿ. ಏನನ್ನೂ ತಡೀಬೇಡಿ."

"ನೀರು?" ಎಂದ ಬೆಟ್ಟಸ್ವಾಮಿ.

"ನೀರೂ ಕೊಡಿ. ಎಳನೀರೂ ಕೊಡಿ."

ಹೊಂಬಾಳಮ್ಮ ಡಾಕ್ಟರಮ್ಮನ ಕೈ ಹಿಡಿದುಕೊಂಡಳು. "ಅವತ್ತು ನಾನು ಕುಡಿಸಿದ್ನಲ್ಲ ತಾಯಿ... ಅದರಿಂದ್ಲೇನಾ?"

"ಅಲ್ಲ ಅಜ್ಜಿ. ಅವತ್ತು ಏರಿದ್ದನ್ನ ಅವತ್ತೇ ಇಳಿಸಿದ್ವಿ. ಇದು ಕಾಯಿಲೆಯೇ ಅಂಥದು."

ನಿಜವನ್ನೇ ಹೇಳಿದರೋ, ಮುದುಕಿಯ ಮೇಲೆ ಕರುಣೆ ತೋರಿದರೋ, ಅದು ಹೊಂಬಾಳಮ್ಮನಿಗೆ ಸಾಯುವ ತನಕ ತಿಳಿಯಲಿಲ್ಲ.

ಬೆಟ್ಟಸ್ವಾಮಿ ಹೊರಗೆ ಹೋದ. ಊರಿಂದ ತರಿಸುವಷ್ಟು ಹೊತ್ತು ಎಲ್ಲಿದೆ? ಗೇಟಿನ ಹತ್ತಿರದ ಗಾಡಿಯವನ ಬಳಿ ಒಂದು ಎಳನೀರು ಕೊಂಡು, ಕೆತ್ತಿಸಿಕೊಂಡು, ಎರಡೂ ಕೈಯಲ್ಲಿ ಹಿಡಿದು ತಂದ. ತಂದು ಹೆಂಡತಿಯ ಕೈಗಿತ್ತು, ತಾನು ನಿಲ್ಲಲಾರದೆ ಹೊರಟುಹೋದ. ಗಿರಿಜಾಂಬಿಕೆ ಅದನ್ನು ಒಳಲೆಗೆ ಬಗ್ಗಿಸಿ ಅತ್ತೆಯ ಮುಂದೆ ಹಿಡಿದಳು.

"ತಗೊಳ್ಳಿ ಅತ್ತೆಮ್ಮ. ನಿಮ್ಮ ಕೈಯಿಂದ್ಲೇ ಕುಡೀಲಿ."

ಹೊಂಬಾಳಮ್ಮ ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

"ಬ್ಯಾಡ ಕಣವ್ವ... ಕೊಡಬ್ಯಾಡ."

"ಡಾಕ್ಟರಮ್ಮನೇ ಹೇಳಿದ್ರಲ್ಲ ಅತ್ತೆಮ್ಮ."

"ಇನ್ನೊಂದ್ಸಲ ಹೋಗಿ ಕೇಳ್ಕಂಡು ಬಾ ಗಿರಿಜಾ... ನಿನ್ನ ಕಾಲಿಗೆ ಬೀಳ್ತೀನಿ, ಇನ್ನೊಂದೇ ಸಲ ಕೇಳು. ಬ್ಯಾಡ ಅಂದ್ರೂ ಅಂದಾರು..." ಮುದುಕಿ ನೆಲಕ್ಕೆ ಕುಸಿದು ಕೂತಳು. "ಬ್ಯಾಡ ಅನ್ನಲವ್ವ... ಯಾರಾದ್ರೂ ಬ್ಯಾಡ ಅನ್ನಲಿ..."

ಗಿರಿಜಾಂಬಿಕೆಯೂ ಅವಳ ಪಕ್ಕದಲ್ಲಿ ಕೂತಳು. ಒಂದು ಕೈಯಲ್ಲಿ ಒಳಲೆ ಹಿಡಿದು, ಇನ್ನೊಂದು ಕೈಯಿಂದ ಅತ್ತೆಯ ತಲೆಯನ್ನು ಎದೆಗೆ ಒತ್ತಿಕೊಂಡಳು. ಅಳು ಇಬ್ಬರದೂ ಒಂದೇ ಆಗಿತ್ತು. ಯಾರು ಯಾರನ್ನು ಸಮಾಧಾನ ಮಾಡಬೇಕು?

"ಅಜ್ಜೀ..." ಮಂಚದ ಮೇಲಿಂದ ದನಿ ಬಂತು. ಪುಟ್ಟಗೌರಿಗೆ ಎಚ್ಚರವಾಗಿತ್ತು. ಅವಳ ಕಣ್ಣು ಒಳಲೆಯ ಮೇಲಿತ್ತು. "ಎಳನೀರಾ?"

ಹೊಂಬಾಳಮ್ಮ ಕಣ್ಣೊರೆಸಿಕೊಂಡು ಎದ್ದಳು. ಒಳಲೆ ತೆಗೆದುಕೊಂಡಳು. ನೀರು ತುಳುಕಿ ಚೆಲ್ಲಿಹೋಗುತ್ತಿದ್ದುದನ್ನು ಕಂಡು ಗಿರಿಜಾಂಬಿಕೆ ತನ್ನ ಕೈಯನ್ನೂ ಆಸರೆಯಾಗಿ ಕೊಟ್ಟಳು. ಇಬ್ಬರೂ ಸೇರಿ ಒಳಲೆಯ ಮೂತಿಯನ್ನು ಮಗುವಿನ ತುಟಿಗೆ ಮುಟ್ಟಿಸಿದರು. ಮಗು ಕುಡಿಯಿತು. ನಿಧಾನವಾಗಿ, ನಡುನಡುವೆ ಉಸಿರು ಎಳೆದುಕೊಳ್ಳುತ್ತ ಕುಡಿಯಿತು.

"ಡಾಕ್ಟರಮ್ಮ ಬೈಯಲ್ವಾ ಅಜ್ಜಿ?"

"ಇಲ್ಲ ಮಗಾ. ಅವ್ರೇ ಕೊಡಿ ಅಂದ್ರು."

ಮಗು ಯೋಚನೆ ಮಾಡಿತು. ಊದಿದ ಮುಖದಲ್ಲಿ ಸಣ್ಣದೊಂದು ನಗು ಬಂತು. ಈ ಸಲ ಆ ನಗುವನ್ನು ಅದರ ತಾಯಿಯೂ ನೋಡಿದಳು.

"ಹಂಗಾದ್ರೆ ನಂಗೆ ವಾಸಿ ಆಯ್ತಾ?"

ಹೊಂಬಾಳಮ್ಮ ಸೊಸೆಯ ಮುಖ ನೋಡಿದಳು. ಆಮೇಲೆ ಬಗ್ಗಿ, ಮೊಮ್ಮಗಳ ಹಣೆಯ ಕೂದಲನ್ನು ಹಿಂದಕ್ಕೆ ಸವರಿದಳು.

"ಊಂ ಕಣವ್ವ," ಎಂದಳು. "ವಾಸಿ ಆಯ್ತು."

"ಇನ್ನೊಂದ್ಚೂರು ಕೊಡಜ್ಜಿ."

ಒಳಲೆ ಬರಿದಾಗಿತ್ತು. ಗಿರಿಜಾಂಬಿಕೆ ಮಗಳ ಕಟವಾಯಿಯನ್ನು ಸೆರಗಿನಿಂದ ಒರೆಸಿ, ಎಳನೀರನ್ನು ಮತ್ತೆ ಬಗ್ಗಿಸಿದಳು. ಅಳತೆ ನೋಡದೆ, ಕಂಠಮಟ್ಟ ಬಗ್ಗಿಸಿದಳು.