ಸೀಳಿದ ಎಫ್ ಶಾರ್ಪ್

"ಇವಳೇ ಒಡೆದಿದ್ದು. ಇನ್ಯಾರು?" ಎಂದು ಹಿರಿಯ ವಾದಕ, ವೃಂದಕ್ಕೆ ಹೊಸದಾಗಿ ಸೇರಿದ್ದ ಹುಡುಗಿಯತ್ತ ಬೆರಳು ಚಾಚಿದ. ಕೋಲಿನಿಂದ ಬಾರಿಸುವ ಮರಿಂಬಾ ವಾದ್ಯದ ಮರದ ಪಟ್ಟಿಗಳಲ್ಲಿ ಒಂದು, ಎಫ್ ಶಾರ್ಪ್ ಸ್ವರದ್ದು, ಉದ್ದಕ್ಕೂ ಸೀಳಿತ್ತು. ವಾದ್ಯವೃಂದದ ಮೇಷ್ಟ್ರು ತುಂಬಿದ ಸಭೆಯಲ್ಲೇ ತೀರ್ಪು ಕೊಟ್ಟರು: ಸಂಜೆಯೊಳಗೆ ಹುಡುಗಿ ಜಾಗ ಖಾಲಿ ಮಾಡಬೇಕು.

ಅವಳು ಅಳಲಿಲ್ಲ. ಮಹಡಿಯಲ್ಲಿ ಬಾಡಿಗೆಗಿದ್ದ ನಿವೃತ್ತ ಇನ್‌ಸ್ಪೆಕ್ಟರಮ್ಮನ ಬಾಗಿಲು ಗುದ್ದಿದಳು. "ನನ್ನ ಹೊಟ್ಟೆಪಾಡು ಅದು, ಆಂಟಿ."

ಇನ್‌ಸ್ಪೆಕ್ಟರಮ್ಮ ಕೆಳಗಿಳಿದಳು, ಅಕ್ಕನ ಹಿಂದೆ ಅವಳ ತಮ್ಮನೂ ಇಳಿದ. ಕೇಸು ಎಂದರೆ ಅವನು ಯಾವತ್ತೂ ಅವಳ ಬಾಲ. ಹಿರಿಯನ ಮುಖ ಕಂಡೊಡನೆ ಅವನ ಕೈ ತುರಿಸತೊಡಗಿತು.

ಅಕ್ಕ ಪಟ್ಟಿಯನ್ನು ಬೆಳಕಿಗೆ ಹಿಡಿದಳು. ಸೀಳಿನ ಪಕ್ಕ ಗುಂಡನೆಯ ಆಳವಾದ ತಗ್ಗುಗಳು. ಸೀಳಿನೊಳಗೆ ಯಾರೋ ತುಂಬಿದ್ದ ಅಂಟು ಕಲ್ಲಾಗಿತ್ತು. ಕಪಾಟಿನ ಅಂಟಿನ ಡಬ್ಬಿಯ ಮೇಲೆ, ಗಟ್ಟಿಯಾಗಲು ಪೂರ್ತಿ ಒಂದು ದಿನ ಬೇಕೆಂದಿತ್ತು. ಹುಡುಗಿಯ ಚೀಲದಲ್ಲಿದ್ದವು ನೂಲು ಸುತ್ತಿದ ಕೋಲುಗಳು ಮಾತ್ರ.

"ಬೆಳಿಗ್ಗೆ ಹನ್ನೆರಡು ಮೇಜರ್ ಸ್ಕೇಲಿನ ಸ್ವರಸಾಲೂ ಬಾರಿಸಿದೆ, ಸರಿಯಾಗೇ ಇತ್ತು," ಎಂದ ಹಿರಿಯ. "ಮಧ್ಯಾಹ್ನ ಇವಳು ಬಂದ್ಳು. ದಿನಾ ಬಾಯಲ್ಲಿ ಸ್ವರದ ಹೆಸರು ಹೇಳ್ಕೊಂಡು ಥಿಯರಿ ಜಪ ಮಾಡೋದೇ ಇವಳ ಕೆಲಸ."

"ಜಿ ಸ್ಕೇಲಿಗೆ ಬಂದಾಗ ಆ ಸ್ವರ ಸತ್ತಿತ್ತು. ಮೇಷ್ಟ್ರಿಗೆ ತಿಳಿಸಿದ್ದೇ ನಾನು," ಎಂದಳು ಹುಡುಗಿ.

"ಅದಕ್ಕೆ ಮುಂಚೆ ಎಲ್ಲಿದ್ದೆ?" ಎಂದು ಅಕ್ಕ ಅವಳನ್ನು ಕೇಳಿದಳು.

"ಪರೀಕ್ಷೆಗೆ ಅಂತ ನಾನೇ ಪರವೂರಿಗೆ ಕರ್ಕೊಂಡು ಹೋಗಿದ್ದೆ," ಎಂದರು ಮೇಷ್ಟ್ರು. "ಮೊನ್ನೆ ಹೋಗಿ ನಿನ್ನೆ ರಾತ್ರಿ ಬಂದ್ವಿ. ಹೊರಡೋವಾಗ ವಾದ್ಯ ಚೆನ್ನಾಗಿತ್ತು."

ಸಂಜೆ ಅಕ್ಕ ಎಲ್ಲರನ್ನೂ ಮರಿಂಬಾ ಸುತ್ತ ನಿಲ್ಲಿಸಿದಳು.

"ಅಂಟು ಒಣಗಿದೆ. ಅಂದ್ರೆ ಒಡೆದಿದ್ದು ಇವಳು ಊರಲ್ಲಿಲ್ಲದಾಗ. ಏನಪ್ಪಾ, ಹನ್ನೆರಡು ಸ್ಕೇಲಲ್ಲಿ ಎಷ್ಟರಲ್ಲಿ ಈ ಪಟ್ಟಿ ಬರುತ್ತೆ?"

ಹಿರಿಯ ಬೆರಳೆಣಿಸತೊಡಗಿದ.

"ಏಳರಲ್ಲಿ," ಎಂದಳು ಹುಡುಗಿ.

"ಏಳರಲ್ಲೂ ಸತ್ತ ಸ್ವರ ನಿನ್ನ ಕಿವಿಗೆ ಬೀಳಲಿಲ್ವಾ? ಬೆಳಿಗ್ಗೆ ನೀನು ಬಾರಿಸೇ ಇಲ್ಲ. ಇನ್ನು ಈ ತಗ್ಗು ನೂಲಿನ ಕೋಲಿಂದಲ್ಲ, ಹಿತ್ತಾಳೆ ತಲೆಯ ಕೋಲಿಂದು. ಅದು ಲೋಹದ ಪಟ್ಟಿಗೆ ಹೊಡೆಯೋದು. ಮರಕ್ಕೆ ತಗುಲಿಸಿದ್ರೆ ಹೀಗೇ. ತಮ್ಮಾ, ಇವನ ಚೀಲ ತೆಗಿ."

ತಮ್ಮ ಅದನ್ನೇ ಕಾಯುತ್ತಿದ್ದ. ಚೀಲದಿಂದ ಬಂದ ಹಿತ್ತಾಳೆ ಗುಂಡು ತಗ್ಗಿನಲ್ಲಿ ಅಳತೆ ಕೊಟ್ಟಂತೆ ಕೂತಿತು.

"ಹೊಡೆದೆ, ಏನೀಗ?" ಎಂದ ಹಿರಿಯ. "ನಂದೂ ಜೋರಾಗಿ ಕೇಳ್ಲಿ ಅಂತ ಹೊಡೆದೆ. ಇವಳು ಬಂದ್ಮೇಲೆ ನನ್ನ ಯಾರು ಕೇಳ್ತಾರೆ ಇಲ್ಲಿ?"

ಮೇಷ್ಟ್ರು ಅವನಿಗೆ ಬಾಗಿಲು ತೋರಿಸಿದರು. ಆಮೇಲೆ ದನಿ ಇಳಿಸಿ, "ನೀನು ಇರಮ್ಮ," ಎಂದರು ಹುಡುಗಿಗೆ.

"ಹೋಗು ಅಂತ ಎಲ್ಲರ ಮುಂದೆ ಕೂಗಿ ಹೇಳಿದ್ರಿ. ಇರು ಅನ್ನೋದನ್ನ ಮಾತ್ರ ಪಿಸುಗುಡ್ತೀರಾ?"

ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಹಿಂದಿನ ಸಾಲಿನವರಿಗೂ ಕೇಳುವಂತೆ ಇನ್ನೊಮ್ಮೆ ಹೇಳಬೇಕಾಯಿತು.