ಬೂದು ಗಿಳಿ ಕರೆದ ಹೆಸರು

ಇದನ್ನು ನಂಬಿ ಅಂತ ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ನಾನೂ ನನ್ನ ಗಂಡ ಸುಹೈಬನೂ ಮಾತಾಡುವ ಗಿಳಿ ತರಲು ಅಮ್ಮಾನ್ ನಗರದ ಹಕ್ಕಿಪೇಟೆಗೆ ಹೋಗಿದ್ದೆವು.

"ಇಬ್ಬರೂ ಕೆಲಸಕ್ಕೆ ಹೋದ್ರೆ ಈ ದೊಡ್ಡ ಬೂದು ಗಿಳಿ ಕೊರಗಿ ಪುಕ್ಕ ಕಿತ್ಕೊಳ್ಳುತ್ತೆ. ಬಂದಾಗಿಂದ ಬಾಯೇ ಬಿಟ್ಟಿಲ್ಲ ಬೇರೆ," ಅಂದ ಅಂಗಡಿಯ ಮುದುಕ. ಆಮೇಲೆ, ಹೆಂಗಸರನ್ನು ಮಗುವಿನ ಹೆಸರು ಸೇರಿಸಿ ಕರೆಯುವ ನಮ್ಮ ಕಡೆಯ ಮರ್ಯಾದೆಯಂತೆ ಕೇಳಿದ: "ಮಗಳೇ, ನಿನ್ನ ಯಾರ ಅಮ್ಮ ಅಂತ ಕರೀಲಿ?"

ಚಳಿಗಾಲದಲ್ಲಿ ಹುಟ್ಟಿದ ನಮ್ಮ ಮಗು ಉಸಿರಾಡಲೇ ಇಲ್ಲ. ಹೆಸರಿಡುವ ಮೊದಲೇ ಮಣ್ಣು ಮಾಡಿದ್ದೆವು. ಆ ಸುಡುಬಿಸಿಲಿನಲ್ಲೂ ಪಂಜರದ ಸರಳು ಹಿಡಿದ ನನ್ನ ಬೆರಳು ಮರಗಟ್ಟಿದವು.

"ಕಿನಾನನ ಅಮ್ಮ," ಅಂದಿತು ಗಿಳಿ, ಮೆಲ್ಲಗೆ.

ಸುಹೈಬ ನಕ್ಕುಬಿಟ್ಟ. "ಯಾರೇ ಅದು ಕಿನಾನ?"

ಒಬ್ಬಳೇ ಇದ್ದಾಗ, ಹೊಟ್ಟೆಯ ಮೇಲೆ ಕೈಯಿಟ್ಟು ನಾನು ಕರೆಯುತ್ತಿದ್ದ ಹೆಸರು ಅದು. ಅವನಿಗೂ ಹೇಳಿರಲಿಲ್ಲ.