ಒಳಗೋಡೆಯ ಗಡಿಯಾರ

"ನಿನ್ ರಿಪೇರಿಗಿಷ್ಟು ಬೆಂಕಿ ಆಕ! ಜಗುಲಿ ಮ್ಯಾಲೆ ಓಡ್ತದೆ, ಒಳಕ್ಕೆ ತಕೊಂಡೋಗಿ ತಗುಲಾಕಿದ್ರೆ ನಿಂತೋಯ್ತದೆ. ಏನ್ಲಾ ಇದು?"

ಚಲುವರಾಜು ಹೀಗೆ ಕೂಗಿದ್ದು ಆ ತಿಂಗಳಲ್ಲಿ ಮೂರನೆಯ ಸಲ. ಗಂಟೆ ಹೊಡೆಯುವ ಆ ಲೋಲಕದ ಗಡಿಯಾರದಿಂದ ಬೆಸಗರಹಳ್ಳಿಯಲ್ಲಿ ಅವನ ಮನೆಗೊಂದು ತೂಕವಿತ್ತು. ಇವತ್ತು ಹನ್ನೊಂದಕ್ಕೆ ಮಗಳು ಅಮೃತಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಗಡಿಯಾರ ನೋಡಿದರೆ ನಾಲ್ಕೂ ಇಪ್ಪತ್ತಕ್ಕೆ ಪೆಚ್ಚುಮೋರೆ ಹಾಕಿಕೊಂಡು ಕೂತಿತ್ತು.

ಜಗುಲಿಯ ಅಂಚಿನಲ್ಲಿ ನಿಂತಿದ್ದ ನಾಗೇಶ್, ಮದ್ದೂರಿನಲ್ಲಿ ವಾಚ್ ಅಂಗಡಿ ಇಟ್ಟವನು, ತಾಳ್ಮೆಯಿಂದ ಹೇಳಿದ: "ಗಡಿಯಾರದಲ್ಲಿ ಏನೂ ಇಲ್ಲ ಸಾರ್. ಲೋಲಕ ಎರಡು ಕಡೆಗೂ ಒಂದೇ ಸಮ ತೂಗ್ಬೇಕು. ಯಾವ ಗೋಡೆ ಮೇಲಿರ್ತದೋ ಅದೇ ಗೋಡೆ ಮೇಲೆ, ಸದ್ದು ಕೇಳ್ಕೊಂಡು ಕೂರಿಸ್ಬೇಕು. ಗೋಡೆ ಒಳಗದೆ."

"ಗೋಡೆ ಒಳಗದೆ. ನೀನು ಆಚೆಗಿದ್ದೀಯ," ಎಂದ ಚಲುವರಾಜು, ಭೂಗೋಳದ ಮೇಷ್ಟ್ರಂತೆ.

ನಾಗೇಶನ ಜಾತಿಯವರು ಯಾರೂ ಆ ಹೊಸ್ತಿಲು ದಾಟಿದವರಲ್ಲ. ಅದನ್ನು ಆ ಮನೆಯವರು ಬಾಯಿಬಿಟ್ಟು ಹೇಳುತ್ತಲೂ ಇರಲಿಲ್ಲ, ಮರೆಯುತ್ತಲೂ ಇರಲಿಲ್ಲ.

ಬಾಗಿಲಿಗೆ ಒರಗಿದ್ದ ಅಮೃತ ತುಟಿ ಕಚ್ಚಿಕೊಂಡಳು. ಮದ್ದೂರಿನ ಕಾಲೇಜಿನಲ್ಲಿ ಪಾಠ ಹೇಳುವ ಅವಳ ವಾಚಿನ ಬೆಲ್ಟು ಎರಡು ವರ್ಷದಲ್ಲಿ ಒಂಬತ್ತು ಸಲ ಕಿತ್ತುಹೋಗಿತ್ತು. ಅದನ್ನು ಸರಿಮಾಡುವಾಗ ನಾಗೇಶ್ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಇನ್ನೊಂದರಲ್ಲಿ ತನ್ನನ್ನೇ ನೋಡುತ್ತಾನೆಂಬುದು ಅವಳಿಗೆ ಮೊದಲನೆಯ ಬೆಲ್ಟಿಗೇ ತಿಳಿದಿತ್ತು.

"ನೀನೇ ಕೂರ್ಸ್‌ಬುಡವ್ವ," ಎಂದಳು ತಾಯಿ ಯಶೋದಮ್ಮ ಒಳಗಿನಿಂದ. "ಅವ್ನು ಅಲ್ಲಿಂದ್ಲೇ ಏಳ್ಕೊಡ್ಲಿ."

"ಮಾಡಾಕೆ ಬತ್ತದೆ ಕಣಮ್ಮ. ಮಾಡಲ್ಲ."

ಅಮೃತ ಸ್ಟೂಲು ತಂದು ನಡುಮನೆಯ ಗೋಡೆಗೆ ದಢಾರನೆ ಇಟ್ಟಳು. "ಬಾ ನಾಗೇಶ, ಒಳಕ್ಕೆ."

ಅವನು ಚಪ್ಪಲಿ ಬಿಟ್ಟ. ಜಗುಲಿಯ ಮೇಲಿದ್ದ ಗಡಿಯಾರವನ್ನು ಎತ್ತಿ ಎದೆಗವಚಿಕೊಂಡ. ದಾಟಿದ. ಬೈಯಬೇಕೋ, ಗಡಿಯಾರ ಬೀಳದಂತೆ ದಾರಿ ಬಿಡಬೇಕೋ ತಿಳಿಯದೆ ಚಲುವರಾಜು ದಾರಿಯನ್ನೇ ಬಿಟ್ಟ.

ಗಡಿಯಾರ ಗೋಡೆಗೇರಿತು. ನಾಗೇಶ್ ಅದನ್ನು ಕೂದಲೆಳೆಯಷ್ಟು ವಾಲಿಸಿದ. "ಕೇಳಿ."

"ಕುಂಟ್ತಾ ಅದೆ," ಎಂದಳು ಅಮೃತ, ಅವನ ಭುಜದ ಹತ್ತಿರವೇ ಕಿವಿಯಿಟ್ಟು.

"ಈಗ?"

"ಈಗ ನೆಟ್ಟಗಾಯ್ತು." ಸರಿಯಾದ ಮೇಲೂ ಇಬ್ಬರೂ ಸ್ವಲ್ಪ ಹೊತ್ತು ಕೇಳಿಸಿಕೊಂಡರು.

"ಮುಳ್ಳು ಬಿರ್ರನೆ ತಿರುಗ್ಸಿ ಆಚೆಗ್ ಓಗ್ಲಾ!" ಎಂದು ಚಲುವರಾಜು ಗದರಿದ.

"ಹಂಗಾಗಲ್ಲ ಸಾರ್. ಒಂದೊಂದು ಗಂಟೆಗೂ, ಅರೆಗಂಟೆಗೂ ನಿಲ್ಸಿ, ಪೂರ್ತಿ ಹೊಡೆಯೋಗಂಟ ಕಾಯ್ಬೇಕು. ಇಲ್ದಿದ್ರೆ ಲೆಕ್ಕ ತಪ್ತದೆ."

ಐದು ಹೊಡೆಯಿತು. ಆರು, ಏಳು. ಎದುರು ಮನೆಯಾಕೆ ಮೊರ ಹಿಡಿದುಕೊಂಡೇ ಬೀದಿಗೆ ಬಂದಳು. ಎಂಟು ಹೊಡೆದು ಸದ್ದಡಗಿದಾಗ ಅಮೃತ ತಿರುಗಿದಳು.

"ಅಪ್ಪಾ, ನಾನು ಮದ್ವೆ ಅಂತ ಆದ್ರೆ ಇವನ್ನೇ."

ಚಲುವರಾಜು ಬಾಯಿ ತೆರೆಯುವುದಕ್ಕೂ ಒಂಬತ್ತು ಹೊಡೆಯುವುದಕ್ಕೂ ಸರಿಹೋಯಿತು. ಒಂಬತ್ತೂ ಮುಗಿಯುವವರೆಗೆ ಅವನು ತೆರೆದ ಬಾಯಲ್ಲೇ ನಿಂತಿದ್ದ.

"ನನ್ ಎಣ ಬಿದ್ಮ್ಯಾಲೆ!"

"ನೀನು ನೂರು ವರ್ಷ ಬದುಕಪ್ಪ. ನೋಡ್ಕೊಂಡೇ ಬದುಕು."

ಸ್ಟೂಲಿನ ಮೇಲಿದ್ದ ನಾಗೇಶ್ ತಗ್ಗಿದ ದನಿಯಲ್ಲಿ, "ನಂಗಾದ್ರೂ ಮೊದ್ಲೇ ಹೇಳ್ಬಾರ್ದಾಗಿತ್ತಾ?" ಎಂದ.

"ಬೇಡ್ವಾ?"

ಅವನು ಚಲುವರಾಜುವಿನ ಮುಖವನ್ನೇ ನೇರವಾಗಿ ನೋಡಿದ. "ಬೇಕು ಸಾರ್. ಎರಡು ವರ್ಷದಿಂದ ಬೇಕು."

ಹತ್ತು ಹೊಡೆಯಿತು. ಬೀದಿಯಲ್ಲಿ ಕಾರು ನಿಂತ ಸದ್ದಾಯಿತು.

"ಬಂದ್ರು! ಇಳೀಲಾ ಕೆಳಕ್ಕೆ! ದಮ್ಮಯ್ಯ, ಇಳಿಯೋ!" ಚಲುವರಾಜುವಿನ ಗದರಿಕೆ ಎಲ್ಲಿ ಬೇಡಿಕೆಯಾಯಿತೆಂದು ಅವನಿಗೇ ತಿಳಿಯಲಿಲ್ಲ.

ನಾಗೇಶ್ ಅಮೃತಳನ್ನು ನೋಡಿದ. "ಹನ್ನೊಂದು ಇನ್ನೂ ಆಗಿಲ್ಲ."

ಅವಳು ಸ್ಟೂಲಿನ ಅಂಚಿಗೆ ಕಾಲಿಟ್ಟು ಮೇಲೇರಿದಳು. ದೊಡ್ಡ ಮುಳ್ಳಿನ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈಯಿಟ್ಟು, ಅರ್ಧ ಸುತ್ತಿನಲ್ಲಿ ಅರೆಗಂಟೆಯ ಒಂದೇ ಏಟು ಹೊಡೆಯಗೊಟ್ಟು, ಹನ್ನೆರಡರ ಅಂಕಿಯವರೆಗೆ ನೂಕಿದಳು. ಹನ್ನೊಂದು ಹೊಡೆಯತೊಡಗಿತು.

"ಹೊಡೀಲಿ. ಬಂದೋರ್ಗೂ ಕೇಳ್ಲಿ."

ಕಾರಿನಿಂದ ಇಳಿದವರು ಬಾಗಿಲಿಗೆ ಬಂದಾಗ ನಾಲ್ಕನೆಯದೋ ಐದನೆಯದೋ ಹೊಡೆಯುತ್ತಿತ್ತು. ಕೈಗಳೆರಡೂ ಅಲ್ಲೇ ಇದ್ದವು.